ತಿರುಗಿಸುವ ಕೈ

ಹಸ್ತ ಮಳೆ ಹೂಡಿದ ಮರುದಿನ, ಬೆಳಗಿನ ಹತ್ತರ ಸುಮಾರಿಗೆ, ಯಮನೂರಪ್ಪನ ಬಲಗಿವಿಯ ಹಿಂದೆ ಕೂರಿಸಿದ್ದ ಯಂತ್ರಕ್ಕೆ ಮೊದಲ ಸಲ ಜೀವ ಕೊಟ್ಟರು. ಹೊರಗೆ ಒಂದು ಹನಿಯೂ ಇರಲಿಲ್ಲ. ಆ ವರ್ಷದ ಹಸ್ತ ಬರೀ ಮೋಡ ತೋರಿಸಿ, ಗಾಳಿ ಬೀಸಿ, ನೆಲಕ್ಕೆ ಏನೂ ಕೊಡದೆ ಹೋಗುವ ಜಾತಿಯದು. ಹೊಳೆದಂಡೆಯ ಮಂದಿ ಅಂಥ ಮಳೆಯನ್ನೂ ನೆನಪಿಟ್ಟುಕೊಳ್ಳುತ್ತಾರೆ.

ಹೊಸಪೇಟೆಯಿಂದ ಆಚೆ, ಕಬ್ಬಿನ ಗದ್ದೆ ಮುಗಿದು ಕಲ್ಲುಗುಂಡುಗಳು ಶುರುವಾಗುವ ಕಡೆ ಸಮತೋಲ ಕೇಂದ್ರವೆಂಬ ಕಟ್ಟಡ. ಅದರೊಳಗೆ ಕಿಟಕಿಯಿಲ್ಲದ ಒಂದು ಕೋಣೆ, ಕೋಣೆಯ ನಟ್ಟನಡುವೆ ಒಂದು ಕುರ್ಚಿ, ಕುರ್ಚಿಯ ಬುಡದಲ್ಲಿ ಸದ್ದಿಲ್ಲದ ಮೋಟಾರು. ಯಮನೂರಪ್ಪನನ್ನು ಅದರಲ್ಲಿ ಕೂರಿಸಿ, ಎದೆಗೆ ಪಟ್ಟಿ ಬಿಗಿದು, ತಲೆ ಅಲುಗದಂತೆ ಎರಡೂ ಕಡೆಯಿಂದ ಮೆತ್ತೆಯ ಹಿಡಿ ಒತ್ತಿದ್ದರು. ಗಾಜಿನ ಗೋಡೆಯ ಆಚೆ ಇಬ್ಬರು. ಒಬ್ಬರು ಡಾಕ್ಟರ್ ಸುಹಾಸಿನಿ ಇನಾಂದಾರ, ಈ ಯಂತ್ರವನ್ನು ಮಾಡಿದವರು. ಇನ್ನೊಬ್ಬ ಖಾದರ್‌ಬಾಷಾ, ಕುರ್ಚಿಯನ್ನು ತಿರುಗಿಸುವ ಗುಂಡಿಗಳ ಮುಂದೆ ಕೂರುವವನು.

"ಕಾಕಾ, ದೀಪ ಆರಸ್ತೀನಿ. ಹೆದರಬ್ಯಾಡ್ರಿ," ಎಂದು ಖಾದರ್‌ನ ಧ್ವನಿ ಚಾವಣಿಯಿಂದ ಬಂತು.

"ಹೆದರಾಕ ನಾ ಏನ್ ಮದುವಣಗಿತ್ತಿ ಏನೋ? ಆರಸು."

ಕತ್ತಲಾಯಿತು. ಕತ್ತಲಲ್ಲಿ ಒಂದು ಸದ್ದು ಹುಟ್ಟಿತು. ಕಾದ ಹಂಚಿನ ಮೇಲೆ ಜೋಳ ಅರಳುವ ಸದ್ದು. ಅವಸರವಿಲ್ಲ, ಒಂದರ ಹಿಂದೆ ಒಂದು.

"ಯಂತ್ರದ ಜೊತಿ ಮಿದುಳಿಗೆ ಒಂದು ಸಣ್ಣ ತಂತಿ ಇಳಿಸೀವಲ್ಲ, ಅದರಿಂದ ಕೇಳಸ್ತದ. ಅದು ನಿಮ್ಮ ಮಿದುಳಿನ ಒಂದೇ ಒಂದು ಜೀವಕೋಶ," ಎಂದರು ಡಾಕ್ಟರು. "ಸುಮ್ಮನೆ ಕೂತಾಗಲೂ ಅದು ಹೀಂಗ ಮಾತಾಡಿಕೋತ ಇರ್ತದ. ಈಗ ನೋಡ್ರಿ."

ಕುರ್ಚಿ ಬಲಕ್ಕೆ ತಿರುಗಿತು. ಜೋಳ ಒಮ್ಮೆಲೇ ಚಟಚಟನೆ ಸಿಡಿಯಿತು. ಎಡಕ್ಕೆ ತಿರುಗಿತು, ಸದ್ದು ತೆಳುವಾಗಿ, ಎಲ್ಲೋ ಒಂದು ಕಾಳು ಮಾತ್ರ ಸಿಡಿಯಿತು. ಯಮನೂರಪ್ಪ ಕುರ್ಚಿಯ ಕೈ ಹಿಡಿದ. ಆರು ವರ್ಷದಿಂದ ಅವನ ಮೈಗೆ ಬಲ ಎಡ ಎಂಬುದು ಕಣ್ಣಿನಿಂದ ಮಾತ್ರ ತಿಳಿಯುತ್ತಿತ್ತು. ಈಗ ಕಗ್ಗತ್ತಲೆಯಲ್ಲಿ ತಿಳಿಯಿತು.

"ತಿರಗಾಕತ್ತೈತ್ರೀ! ಬಲಕ್ಕ... ಈಗ ಎಡಕ್ಕ!" ಎಂದು ಕೂಗಿದ. ಆಚೆ ಕಡೆ ಖಾದರ್ ಸಿಳ್ಳೆ ಹಾಕಿದ್ದು ಕೇಳಿಸಿತು.

ಆಮೇಲೆ ದೀಪ ಹತ್ತಿಸಿ, ತಲೆಯ ಹಿಡಿ ಸಡಿಲಿಸಿ, "ಈಗ ಕುರ್ಚಿ ಅಲುಗಂಗಿಲ್ಲ. ನೀವೇ ಕುತ್ತಿಗೆ ತಿರುಗಿಸಿ ಬಲಗಡೆ ನೋಡ್ರಿ," ಎಂದರು ಡಾಕ್ಟರು.

ಅವನು ನೋಡಿದ. ಆದರೆ ತಾನು ನೋಡಿದ ಹಾಗೆ ಅನಿಸಲಿಲ್ಲ. ಯಾರೋ ಹಿಂದೆ ನಿಂತು, ಮೆತ್ತಗೆ, ಒರಟಿಲ್ಲದೆ, ಅವನನ್ನು ಬಲಕ್ಕೆ ತಿರುಗಿಸಿದರು.

"ಯಾರದು?" ಎಂದ. ಹಿಂದೆ ಯಾರೂ ಇರಲಿಲ್ಲ.

ಡಾಕ್ಟರು ಓಡಿ ಬಂದು ಅವನೆದುರು ಕುಕ್ಕರಗಾಲಲ್ಲಿ ಕುಳಿತರು. ಹೆದರಬೇಡಿ, ಇದು ಮೊದಲೇ ಗೊತ್ತಿದ್ದದ್ದು ಎಂದು ಬಿಡಿಸಿ ಹೇಳಿದರು. ಎಲ್ಲರ ಕಿವಿಯೊಳಗೂ ನೀರು ತುಂಬಿದ ಮೂರು ಬಳೆಗಳಿವೆ. ತಂಬಿಗೆಯನ್ನು ತಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ಒಳಗಿನ ನೀರು ಹಿಂದೆ ಉಳಿಯುತ್ತದೆ. ಹಾಗೆಯೇ ತಲೆ ತಿರುಗಿದಾಗ ಆ ನೀರು ಹಿಂದುಳಿದು, ಬಳೆಯೊಳಗಿನ ಸಣ್ಣ ಕೂದಲನ್ನು ಬಗ್ಗಿಸುತ್ತದೆ. ಹೊಳೆಯ ಪಾಚಿ ಸೆಳವಿಗೆ ಬಗ್ಗಿದ ಹಾಗೆ. ಕ್ಷಯಕ್ಕೆ ತಿಂಗಳುಗಟ್ಟಲೆ ಚುಚ್ಚಿಸಿಕೊಂಡ ಮದ್ದು ಯಮನೂರಪ್ಪನ ಜೀವ ಉಳಿಸಿತ್ತು, ಆ ಕೂದಲನ್ನು ಸುಟ್ಟಿತ್ತು. ಈಗ ಅಕ್ಕಿಕಾಳಿನಷ್ಟು ಯಂತ್ರ ಕೂದಲಿನ ಕೆಲಸ ಮಾಡಿ ನರಕ್ಕೆ ಸುದ್ದಿ ಮುಟ್ಟಿಸುತ್ತದೆ.

"ಆದರ ಸುದ್ದಿ ಮುಟ್ಟಿದರ ಸಾಲದು," ಎಂದರು. "ನಾವು ನಾವಾಗಿ ತಿರುಗೋ ಮುಂಚೆ ಮಿದುಳು ಆ ಕೋಶಕ್ಕ ಹೇಳಿ ಕಳಿಸ್ತದ: ತಿರುಗಾಕತ್ತಾಂವ ನಾನ, ನೀ ಗದ್ದಲ ಮಾಡಬ್ಯಾಡ ಅಂತ. ಆಗ ಅದು ಸುಮ್ಮನಿರ್ತದ. ಬ್ಯಾರೆಯವರು ನಮ್ಮನ್ನ ತಿರುಗಿಸಿದಾಗ ಮಾತ್ರ ಕೂಗ್ತದ. ನಿಮ್ಮ ಕೋಶ ಆರು ವರ್ಷ ಸುದ್ದೀನ ಇಲ್ಲದ ಕೂತಿತ್ತು. ಯಾವುದು ತನ್ನದು, ಯಾವುದು ಹೆರವರದು ಅನ್ನೋ ಗುರುತು ಮರೆತದ. ಅದಕ್ಕ ನೀವ ತಿರುಗಿದರೂ ಯಾರೋ ತಿರುಗಿಸಿದಂಗ ಅನಸ್ತದ. ದಿನಾ ರೂಢಿ ಮಾಡಿದರ ಕಲೀತದ. ಕಲಿಸಲೇಬೇಕು. ಇಲ್ಲಂದರ ಮೈ ತನ್ನ ನಡಿಗೀನ ತಾನ ತಡೀಲಿಕ್ಕೆ ಹೋಗಿ ನಿಮ್ಮನ್ನ ಬೀಳಿಸ್ತದ."

ಯಮನೂರಪ್ಪ ಹೂಂಗುಟ್ಟಿದ. ಕೊನೆಯ ಮಾತುಗಳು ಅವನ ಕಿವಿಗೆ ಬಿದ್ದವೇ ಹೊರತು ಒಳಗೆ ಇಳಿಯಲಿಲ್ಲ. ಯಾರೋ ತಿರುಗಿಸಿದರು ಎಂದರೆ ಸಾಕೇ? ಅದು ಯಾರ ಕೈ ಎಂದು ಅವನಿಗೆ ಗೊತ್ತಿತ್ತು.

ತುಂಗಭದ್ರೆಯ ದಂಡೆಯ ಕಡವಿನಹಾಳದಲ್ಲಿ ಹರಗೋಲಿನಿಂದ ಮೀನು ಹಿಡಿಯುವ ಮನೆಗಳಲ್ಲಿ ಒಂದು ರೂಢಿ. ಬಲೆ ಗಂಡನ ಕೈಯಲ್ಲಿ, ಹುಟ್ಟು ಹೆಂಡತಿಯ ಕೈಯಲ್ಲಿ. ಹರಗೋಲಿಗೆ ಮುಂದು ಹಿಂದು ಎಂಬುದಿಲ್ಲ. ದೊಡ್ಡ ಬುಟ್ಟಿಯಂತೆ ದುಂಡಗಿದ್ದು, ಹುಟ್ಟು ಒಂದಿಷ್ಟು ಎಳೆದರೆ ಸಾಕು, ಸುತ್ತುತ್ತದೆ. ಗಂಡ ನೀರಿನ ಕಡೆ ಮುಖ ಮಾಡಿ ಬಲೆ ಬಿಡುತ್ತಾನೆ. ಹೆಂಡತಿ ಅವನ ಬೆನ್ನಿಗೆ ಕೂತು ಹುಟ್ಟು ಹಾಕುತ್ತಾಳೆ. ಬಲೆ ಬಿಟ್ಟಾದ ಮೇಲೆ ಮಾತು ಕೂಡದು. ಮೀನು ಚದುರುತ್ತದೆಂದು ಹಿರಿಯರು ಮಾಡಿಟ್ಟದ್ದು.

ಹಾಗಾಗಿ ಯಮನೂರಪ್ಪ ಮತ್ತು ದುರುಗವ್ವ ಇಪ್ಪತ್ತೆಂಟು ವರ್ಷ ನಸುಕಿನಿಂದ ಬಿಸಿಲೇರುವವರೆಗೆ ಆಡಿದ ಮಾತೆಲ್ಲ ತಿರುವಿನಲ್ಲೇ ನಡೆದುಹೋಗಿತ್ತು. ಬಲಕ್ಕೆ ಸಣ್ಣಗೆ ತಿರುಗಿಸಿ ನಿಲ್ಲಿಸಿದಳೆಂದರೆ, ಅಲ್ಲಿ ನೀರು ಕದಡಿದೆ ನೋಡು ಎಂದು. ಎಡಕ್ಕೆ ಅರ್ಧ ಸುತ್ತು ತಂದಳೆಂದರೆ, ಇವತ್ತಿಗೆ ಸಾಕು, ಹಸಿವಾಗಿದೆ ಎಂದು. ಸಿಟ್ಟಿದ್ದ ದಿನ ತಿರುವಿನ ಕೊನೆಗೆ ಒಂದು ಜಗ್ಗು ಇರುತ್ತಿತ್ತು. ಬಲೆ ಹಿಡಿದವನು ಮುಗ್ಗರಿಸಬೇಕು, ಹಾಗೆ. ಒಲವಿದ್ದ ದಿನ ಹರಗೋಲು ಯಾವಾಗ ತಿರುಗಿತೆಂದೇ ಗೊತ್ತಾಗುತ್ತಿರಲಿಲ್ಲ. ನೋಡಿದರೆ ಸೂರ್ಯ ಬೇರೆ ಕಡೆ ಇರುತ್ತಿದ್ದ. ಅವಳ ಮುಖವನ್ನು ನೋಡಿದ್ದಕ್ಕಿಂತ ಹೆಚ್ಚು ಅವಳ ತಿರುವನ್ನು ಅವನು ಬೆನ್ನಿನಿಂದ ಬಲ್ಲ.

ಅವನು ಕ್ಷಯದ ಆಸ್ಪತ್ರೆಯಲ್ಲಿ ಮಲಗಿದ್ದಾಗ ದುರುಗವ್ವನಿಗೆ ಕಾಮಾಲೆಯಾಯಿತು. ಮಣ್ಣಾದ ಮೇಲೆ ಸುದ್ದಿ ಬಂತು. ಅವನು ಊರಿಗೆ ಮರಳುವ ಹೊತ್ತಿಗೆ ಕಿವಿಯೊಳಗಿನ ಬಳೆಗಳೂ ಸತ್ತಿದ್ದವು. ನಡೆದರೆ ಎದುರಿನ ಗುಡ್ಡ ಕುಣಿಯುತ್ತಿತ್ತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬಿದ್ದೇಬಿಡುತ್ತಿದ್ದ. ಹರಗೋಲಿನಲ್ಲಿ ಕಾಲಿಟ್ಟ ಒಂದೇ ಸಲ, ನೀರು ಯಾವುದು ಮುಗಿಲು ಯಾವುದು ತಿಳಿಯದೆ, ದಂಡೆಯವರು ಹಗ್ಗ ಎಸೆದು ಅವನನ್ನು ಎಳೆದುಕೊಳ್ಳಬೇಕಾಯಿತು.

ಆಗ ಬಂದವಳು ತಂಗಿ ಹುಲಿಗೆವ್ವ. ಗಂಡನಿಲ್ಲದವಳು. ಕಾರಟಗಿಯ ತನ್ನ ಮನೆಗೆ ಬೀಗ ಹಾಕಿ, ಎರಡು ಸೀರೆ, ಒಂದು ಎಲೆಯಡಿಕೆ ಕುಟ್ಟಣಿಗೆ ಟ್ರಂಕಿಗೆ ಹಾಕಿಕೊಂಡು, ನಾಲ್ಕು ದಿನಕ್ಕೆಂದು ಬಂದವಳು ಆರು ವರ್ಷ ನಿಂತಳು. ಅಣ್ಣ ಮುಖ ತೊಳೆಯುವಾಗ ಭುಜ ಹಿಡಿಯುವುದು, ಕತ್ತಲಾದ ಮೇಲೆ ಹೊರಗೆ ಹೋಗಬೇಕಾದರೆ ಕೈ ಕೊಡುವುದು ಅವಳ ಕೆಲಸವಾಯಿತು. ಕೆಲಸದ ಜೊತೆ ಬೈಗುಳ ಬಿಟ್ಟಿ.

ಯಂತ್ರ ಹಾಕಿಸಿಕೊಂಡು ಬಂದ ದಿನ ಹುಲಿಗೆವ್ವ ಅವನ ಕಿವಿಯ ಹಿಂದೆ ಬಗ್ಗಿ ನೋಡಿದಳು. "ಇಷ್ಟ? ನಾ ಏನೋ ಟ್ರ್ಯಾಕ್ಟರ್ ಇಂಜಿನ್ ಕುಂದ್ರಸ್ತಾರ ಅಂದ್ಕಂಡಿದ್ದೆ. ಇನ್ನ ನೀ ಒಬ್ಬನ ನೀರು ಹಾಕ್ಕೊಂತೀ ಹೌದಿಲ್ಲೋ?"

"ರೂಢಿ ಆಗಬೇಕಂತವ್ವ."

"ಆಗಲಿ. ಲಗೂನ ಆಗಲಿ. ನನ್ನ ಮಗಳು ನಿನ್ನಂಗ ಕಾಯಂಗಿಲ್ಲ."

ಮಗಳು ರತ್ನವ್ವ ಗಂಡನ ಮನೆಯಲ್ಲಿ ದಿನ ತುಂಬುತ್ತಿದ್ದಳು. ಚೊಚ್ಚಲ ಬಾಣಂತನ ತವರಿನದು. ದೀಪಾವಳಿಯ ಹೊತ್ತಿಗೆ ಕಾರಟಗಿಯ ಮನೆ ಬೀಗ ತೆಗೆದು, ಸುಣ್ಣ ಬಳಿದು, ಮಗಳನ್ನು ಕರೆತರಬೇಕು. ತಾಯಿ ಇದ್ದೂ ಆ ಹುಡುಗಿ ಅತ್ತೆಯ ಕೈಯಲ್ಲಿ ಹೆತ್ತಳೆಂದರೆ ಹುಲಿಗೆವ್ವ ತಲೆ ಎತ್ತಿ ತಿರುಗುವಂತಿರಲಿಲ್ಲ. ಆದರೆ ಅಣ್ಣನನ್ನು ಯಾರ ಕೈಗೆ ಬಿಡುವುದು?

ರೂಢಿ ಎಂದರೆ ಇಷ್ಟೇ. ಗೋಡೆಗೆ ಎರಡು ಸುಣ್ಣದ ಬೊಟ್ಟು. ಎದುರಿಗೆ ಕೂತು ಒಂದರಿಂದ ಇನ್ನೊಂದಕ್ಕೆ ತಲೆ ತಿರುಗಿಸುತ್ತಿರಬೇಕು. ಅದಾದ ಮೇಲೆ ಅಂಗಳದಲ್ಲಿ ನಡೆಯುತ್ತ ತಿರುಗಬೇಕು. ಮೊದಲ ವಾರ ಯಮನೂರಪ್ಪ ಊಟ ನೀರು ಮರೆತು ಅದನ್ನೇ ಮಾಡಿದ. ಒಂದೊಂದು ಸಲ ತಿರುಗಿದಾಗಲೂ ಆ ಕೈ. ಬಲಕ್ಕೆ, ಎಡಕ್ಕೆ. ಬೆನ್ನ ಹಿಂದೆ ಅವಳು ಕೂತ ಹಾಗೆ, ಹುಟ್ಟಿನ ನೀರು ತೊಟ್ಟಿಕ್ಕಿದ ಹಾಗೆ. "ನಿಮ್ಮಣ್ಣಗ ಹುಚ್ಚ ಹಿಡಿದೈತೇನವ್ವ, ಕೋಲೆಬಸವನಂಗ ತಲಿ ಆಡಸ್ತಾನ," ಎಂದು ಓಣಿಯವರು ನಕ್ಕರೂ ಅವನಿಗೆ ಲೆಕ್ಕವಿಲ್ಲ.

ವಾರ ಮುಗಿಯುವ ಹೊತ್ತಿಗೆ ಅವನಿಗೊಂದು ಗೊತ್ತಾಯಿತು. ಕೈ ತೆಳ್ಳಗಾಗುತ್ತಿತ್ತು.

ಮೊದಮೊದಲು ಹೆಗಲಿನವರೆಗೆ ಬರುತ್ತಿದ್ದ ಒತ್ತು ಈಗ ಕುತ್ತಿಗೆಯಲ್ಲಿ ಮಾತ್ರ. ಬೆಳಿಗ್ಗೆ ಇದ್ದಷ್ಟು ಸಂಜೆಗೆ ಇಲ್ಲ. ಡಾಕ್ಟರು ಹೇಳಿದ್ದು ಆಗ ಒಳಗಿಳಿಯಿತು. ಪ್ರತಿಯೊಂದು ತಿರುವೂ ಆ ಕೋಶಕ್ಕೆ ಪಾಠ. ತಿರುಗಿದಷ್ಟೂ ಅವಳು ಖರ್ಚಾಗುತ್ತಾಳೆ.

ಅಂದಿನಿಂದ ಅವನು ಅಲುಗುವುದನ್ನು ಬಿಟ್ಟ. ಕಟ್ಟೆಯ ಮೇಲೆ ಹೊಳೆಗೆ ಮುಖ ಮಾಡಿ ಕಲ್ಲಿನಂತೆ ಕೂರುವನು. ಯಾರು ಕರೆದರೂ ತಲೆ ತಿರುಗಿಸನು; ಬೇಕಾದವರು ಎದುರಿಗೆ ಬಂದು ಮಾತಾಡಬೇಕು. ಕಾಗೆ ಕೂಗಿದರೂ ಕಣ್ಣು ಮಾತ್ರ ಹೊರಳಿಸುವನು. ದಿನವಿಡೀ ಹಾಗೆ ಉಳಿಸಿಕೊಂಡು, ಹೊತ್ತು ಇಳಿಯುವಾಗ ಒಂದೇ ಒಂದು ಸಲ, ಕಣ್ಣು ಮುಚ್ಚಿ, ನಿಧಾನವಾಗಿ ಬಲಕ್ಕೆ ತಿರುಗುವನು. ಅವಳು ಬರುವಳು. ತಿರುವು ಮುಗಿಯುವವರೆಗೆ ಇರುವಳು. ಆಮೇಲೆ ಮರುದಿನದ ಸಂಜೆಯವರೆಗೆ ಹೊಳೆ, ಕಲ್ಲು, ಅವನು.

ಊರಿನಲ್ಲಿ ಇದ್ದೂ ಯಾರ ಜೊತೆಗೂ ಇಲ್ಲದ ಹಾಗೆ ಚಿತ್ತ ಮಳೆ ಕಳೆಯಿತು.

ಕೇಂದ್ರದಲ್ಲಿ ಇದು ಬಚ್ಚಿಡುವಂಥದ್ದಾಗಿರಲಿಲ್ಲ. ಮುಂದಿನ ಸಲ ಕುರ್ಚಿಯಲ್ಲಿ ಕೂರಿಸಿ, ತಾನಾಗಿ ತಿರುಗು ಎಂದಾಗ ಜೋಳ ಮೊದಲ ದಿನದಷ್ಟು ಅಲ್ಲದಿದ್ದರೂ ಜೋರಾಗಿಯೇ ಸಿಡಿಯಿತು. ಡಾಕ್ಟರೂ ಖಾದರನೂ ಗಾಜಿನ ಆಚೆ ಮಾತಾಡಿಕೊಂಡರು. ಖಾದರ್ ಮೈಕು ಆರಿಸುವುದನ್ನು ಮರೆತಿದ್ದರಿಂದ ಅದೆಲ್ಲ ಚಾವಣಿಯಿಂದ ಯಮನೂರಪ್ಪನ ತಲೆಯ ಮೇಲೆ ಸುರಿಯಿತು.

"ಕಲಿಯೋದು ನಿಂತೇಬಿಟ್ಟದ. ಮೊದಲ ವಾರ ಸದ್ದು ಎಷ್ಟು ಚಂದ ಇಳೀತಿತ್ತು."

"ಮಷಿನ್ ಸುದ್ದ ಐತ್ರಿ ಮೇಡಂ. ಕಾಕಾನ ಸುದ್ದ ಇಲ್ಲ ಅನಸ್ತೈತಿ."

"ದೀಪಾವಳಿಯೊಳಗ ಕಲೀದಿದ್ದರ ತಗೀಲೇಬೇಕಾಗ್ತದ, ಖಾದರ್. ಉಪಯೋಗಿಲ್ಲದ ತಂತಿ ಮಿದುಳಿನಾಗ ಬಿಡೋ ಹಂಗಿಲ್ಲ. ಇವರಿಗೆ ಕಲೀಲಿಲ್ಲ ಅಂದರ ಮುಂದಿನವರಿಗೆ ಹಾಕೂದು ಹೆಂಗ?"

ಒಳಗೆ ಬಂದ ಡಾಕ್ಟರು ನಗುಮುಖದಿಂದಲೇ ಕೇಳಿದರು, "ದಿನಾ ಮಾಡ್ತೀರಲ್ಲ ಯಮನೂರಪ್ಪನವರೇ?"

"ಮಾಡಾಕತ್ತೀನ್ರಿ," ಎಂದ ಅವನು, ತಲೆ ಅಲುಗಿಸದೆ.

ಸ್ವಾತಿ ಹೂಡಿದ ಮೇಲೆ ಮಳೆ ನಿಜವಾಗಿ ಬಂತು. ಒಂದು ಮುಂಜಾನೆ ಅಂಗಳ ಜಾರುತ್ತಿತ್ತು. ಯಮನೂರಪ್ಪ ಬಚ್ಚಲಿಗೆ ಹೋಗುತ್ತಿದ್ದಾಗ ಹಿಂದಿನಿಂದ ಹಾಲಿನವನು ಸೈಕಲ್ ಗಂಟೆ ಬಾರಿಸಿದ. ಮರೆತು ತಟ್ಟನೆ ತಿರುಗಿದ. ಯಾರೋ ತಳ್ಳಿದರೆಂದು ಮೈ ತಿಳಿದು, ತಡೆಯಲು ಎದುರುದಿಕ್ಕಿಗೆ ವಾಲಿತು. ಬಿದ್ದ. ಬೀಳುವವನ ಅಡಿಗೆ ಹುಲಿಗೆವ್ವ ಓಡಿ ಬಂದು ಕೈ ಕೊಟ್ಟಳು. ಅವನಿಗೆ ಏನೂ ಆಗಲಿಲ್ಲ. ಅವಳ ಮಣಿಕಟ್ಟು ಉಳುಕಿ ಊದಿತು.

ಎಣ್ಣೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಅವಳು ಒಲೆಯ ಮುಂದೆ ಕೂತಳು. ಬೈಯಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಒಂದೇ ಕೈಯಲ್ಲಿ ರೊಟ್ಟಿ ತಟ್ಟಲು ಹೋಗಿ, ಹಿಟ್ಟನ್ನು ಪರಾತಕ್ಕೆ ಎಸೆದು, ಆಮೇಲೆ ಶುರು ಮಾಡಿದಳು.

"ಗೋಡಿ ಮ್ಯಾಗಿನ ಬೊಟ್ಟು ಮಾಸಿ ಹೋದ್ವು. ನಾ ನೋಡೀನಿ. ನೀ ರೂಢಿ ಮಾಡವಲ್ಲಿ. ಯಾಕ ಮಾಡವಲ್ಲಿ ಹೇಳು. ನಾ ಇಲ್ಲೇ ಸಾಯಲಿ ಅಂತೇನು? ಬೀಗರು ಫೋನ್ ಮಾಡ್ಯಾರ, ನೀವು ಬರದಿದ್ರ ಬಿಡ್ರಿ, ನಾವ ಮಾಡ್ಕೊಂತೀವಿ ಅಂತ. ನನ್ನ ಹೊಟ್ಟಿಗೆ ಬೆಂಕಿ ಬಿದ್ದೈತಿ. ನೀ ನೋಡಿದ್ರ ಸಂಜಿಗೆ ಕಣ್ಣು ಮುಚ್ಚಿ ನಗ್ತಿ. ಯಾರನ್ನ ನೋಡಿ ನಗ್ತಿಯೋ ಯಣ್ಣಾ?"

ಯಮನೂರಪ್ಪ ಒಲೆಗೆ ಒಂದು ಕಟ್ಟಿಗೆ ಸರಿಸಿದ. ಹೇಳದೆ ಇರುವುದಕ್ಕೂ ಬಲ ಬೇಕು, ಅದು ಮುಗಿದಿತ್ತು.

"ದುರುಗಿ ಬರ್ತಾಳ," ಎಂದ.

ಹುಲಿಗೆವ್ವ ನಗಲಿಲ್ಲ, ಎದೆ ಮುಟ್ಟಿಕೊಳ್ಳಲೂ ಇಲ್ಲ. ಸೆರಗಿನಿಂದ ಹಣೆ ಒರೆಸಿಕೊಂಡು, "ನನ್ನ ಕೇಳಿದ್ಲೇನು?" ಎಂದಳು.

"ಮಾತಾಡಂಗಿಲ್ಲ. ತಿರಗಸ್ತಾಳ ಅಷ್ಟ. ಹರಗೋಲಿನ್ಯಾಗ ತಿರಗಸ್ತಿದ್ಲಲ್ಲ, ಹಂಗ. ನಾ ತಿರುಗಿದಾಗೆಲ್ಲ ಅಕಿ ಕೈ. ರೂಢಿ ಮಾಡಿದ್ರ ಹೋಗಿಬಿಡ್ತಾಳ. ಅದಕ್ಕ..."

"ಎತ್ತಾಗ ತಿರಗಸ್ತಾಳ?"

"ಅಂದ್ರ?"

"ಬಲಕ್ಕೋ ಎಡಕ್ಕೋ? ಎತ್ತಾಗ?"

"ನಾ ಎತ್ತಾಗ ತಿರುಗಿದ್ನೋ ಅತ್ತಾಗ."

ಹುಲಿಗೆವ್ವ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇಳಿದು ಬೇರೆ ಏನೋ ಬಂತು. ಮಕ್ಕಳು ಸುಳ್ಳನ್ನು ನಂಬಿದ್ದು ಕಂಡಾಗ ದೊಡ್ಡವರ ಮುಖದಲ್ಲಿ ಬರುವಂಥದ್ದು.

"ಹಂಗಾರ ಅಕಿ ಅಲ್ಲ ಬಿಡು," ಎಂದಳು. "ಅತ್ತಿಗಿ ಯಾವತ್ತ ನೀ ಅಂದಂಗ ತಿರಗಸ್ಯಾಳ? ನೀ ಆ ಕಡಿ ಅಂದ್ರ ಈ ಕಡಿ ಒಯ್ಯಾಕಿ. ನೀ ದಂಡಿ ಅಂದ್ರ ಮಡುವು. ಊರಾಗ ಎಲ್ಲಾರ್ಗೂ ಗೊತ್ತು, ಯಮನೂರಿ ಹರಗೋಲು ಯಮನೂರಿ ಮಾತು ಕೇಳಂಗಿಲ್ಲ ಅಂತ."

ಹೇಳಿ, ಪರಾತ ಹತ್ತಿರಕ್ಕೆ ಎಳೆದುಕೊಂಡು, ಒಂದೇ ಕೈಯಲ್ಲಿ ಮತ್ತೆ ಹಿಟ್ಟು ನಾದಿದಳು.

ಅಂದು ಸಂಜೆ ಯಮನೂರಪ್ಪ ಕಟ್ಟೆಯ ಮೇಲೆ ಕೂತು, ಉಳಿಸಿಟ್ಟ ಒಂದೇ ತಿರುವಿಗೆ ನಿಲ್ಲಲಿಲ್ಲ, ಹತ್ತಾರು ಮಾಡಿದ. ಬಲಕ್ಕೆ ಎಂದುಕೊಂಡ, ಕೈ ಬಲಕ್ಕೆ ಒಯ್ಯಿತು. ಎಡಕ್ಕೆ ಎಂದುಕೊಂಡ, ಎಡಕ್ಕೆ. ಅರ್ಧಕ್ಕೆ ನಿಲ್ಲಬೇಕೆಂದರೆ ಅರ್ಧಕ್ಕೆ. ಒಮ್ಮೆಯೂ ತಪ್ಪಲಿಲ್ಲ, ಒಮ್ಮೆಯೂ ಜಗ್ಗಲಿಲ್ಲ, ಅಲ್ಲಿ ನೋಡು ಎನ್ನಲಿಲ್ಲ. ಇಪ್ಪತ್ತೆಂಟು ವರ್ಷ ಇಂಥ ಹೆಂಡತಿ ಇದ್ದಿದ್ದರೆ ಅವನು ನೀರಿನಲ್ಲಿ ಎಂದೋ ನಿದ್ದೆ ಹೋಗಿರುತ್ತಿದ್ದ. ಕೈ ಮೆತ್ತಗಿತ್ತು, ಬೆಚ್ಚಗಿತ್ತು, ಮತ್ತು ಅದರಲ್ಲಿ ಅವನ ಹೊರತು ಯಾರೂ ಇರಲಿಲ್ಲ.

ಆದರೂ ಬಿಡಲು ಮನಸ್ಸು ಬರಲಿಲ್ಲ. ಯಾರೂ ಇಲ್ಲದ ಕೈ ಎಂದು ತಿಳಿದ ಮೇಲೂ ಸಂಜೆಗೆ ಅದೊಂದು ಕೈ.

ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಡಾಕ್ಟರು ಯಾವುದೋ ಸಭೆಯಲ್ಲಿದ್ದರು. ಖಾದರ್ ಚಹ ತಂದುಕೊಟ್ಟು ಎದುರಿಗೆ ಸ್ಟೂಲು ಎಳೆದುಕೊಂಡ. "ಕಾಕಾ, ಮೇಡಂಗ ಹೇಳಬ್ಯಾಡ್ರಿ. ನಂಗ ಹೇಳ್ರಿ. ಮನ್ಯಾಗ ಗೊಂಬಿಯಂಗ ಕೂಡ್ತೀರಿ ಹೌದಿಲ್ಲೋ? ಯಂತ್ರದಾಗ ಎಲ್ಲಾ ಕಾಣ್ತೈತ್ರಿ, ಆ ಲೆಕ್ಕ ನೋಡಾಂವ ನಾ ಒಬ್ಬನ. ದಿನಕ್ಕ ಒಂದ ಒಂದು ತಿರುವು. ಅದೂ ಹೊತ್ತು ಮುಳುಗೂ ಮುಂದ."

ಯಮನೂರಪ್ಪ ಹೇಳಿದ. ಹರಗೋಲು, ಹುಟ್ಟು, ಬೆನ್ನಿಗೆ ಕೂತವಳು, ಎಲ್ಲವನ್ನೂ. ಚಹ ಆರಿಹೋಯಿತು. ಖಾದರ್ ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಒಂದು ದಾರಿ ಐತಿ," ಎಂದ ತಗ್ಗಿದ ದನಿಯಲ್ಲಿ. "ಯಂತ್ರ ಸುದ್ದಿ ಕೊಡೂದನ್ನ ಒಂಚೂರು ತಡಾ ಮಾಡಬಹುದು. ಒಮ್ಮಿ ಕಮ್ಮಿ, ಒಮ್ಮಿ ಹೆಚ್ಚು. ಮಿದುಳು ಹೇಳಿದ್ದಕ್ಕೂ ಯಂತ್ರ ಹೇಳಿದ್ದಕ್ಕೂ ಎಂದೂ ತಾಳ ಕೂಡಂಗಿಲ್ಲ. ಕೋಶ ಎಷ್ಟು ತಿರುಗಿದ್ರೂ ಕಲಿಯಂಗಿಲ್ಲ. ಇಲ್ಲಿಗೆ ಬಂದ ದಿನ ಮಾತ್ರ ನೀವ ತಿರುಗೂ ಮುಂದ ನಾ ಸುದ್ದಿ ಒಂಚೂರು ತಗ್ಗಿಸಿ ಇಡ್ತೀನಿ. ಮೇಡಂ ಸ್ವಲ್ಪ ಸ್ವಲ್ಪ ಸುಧಾರಿಸ್ಯಾರ ಅಂದ್ಕೋತಾರ. ಹಿಡಕೊಳ್ಳಾಕ ಮನ್ಯಾಗ ನಿಮ್ಮ ತಂಗಿ ಇದ್ದ ಇರ್ತಾರ. ನೀವು ಇರೋತನ ಇರ್ತೈತಿ, ಕಾಕಾ. ನಮ್ಮವ್ವ ಹೋದಾಗ ನನಗ ಇಂಥಾದ್ದು ಯಾರರ ಕೊಟ್ಟಿದ್ರ ನಾ ಬ್ಯಾಡ ಅಂತಿದ್ದಿಲ್ಲ."

ಹೂಂ ಎಂದರೆ ಸಾಕಿತ್ತು. ಯಮನೂರಪ್ಪನ ಬಾಯಿಯವರೆಗೆ ಅದು ಬಂದಿತ್ತು. ಬಾಗಿಲ ಗಾಜಿನ ಆಚೆ, ಪಡಸಾಲೆಯ ಬೆಂಚಿನ ಮೇಲೆ, ಹುಲಿಗೆವ್ವ ಕೂತಲ್ಲೇ ತೂಕಡಿಸುತ್ತಿದ್ದಳು. ಬಟ್ಟೆ ಸುತ್ತಿದ ಕೈಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತೋ. ಆರು ವರ್ಷದಲ್ಲಿ ಅವನು ಅವಳನ್ನು ಹೀಗೆ ದೂರದಿಂದ ನೋಡಿದ್ದೇ ಇಲ್ಲ. ಅವಳು ಸದಾ ಭುಜದ ಹತ್ತಿರ ಇರುತ್ತಿದ್ದಳು, ಹಿಡಿದುಕೊಂಡು.

"ಬ್ಯಾಡಪ್ಪ," ಎಂದ.

"ಯೋಚನಾ ಮಾಡ್ರಿ."

"ಮಾಡೀನಿ. ಅಕಿ ಕೈ ಆಗಿದ್ರ ಬಿಡತಿದ್ದಿಲ್ಲ. ಇದು ನಂದ ಕೈ. ಇದರ ಸಲುವಾಗಿ ಆ ಹೆಣ್ಮಗಳ ಕೈ ಕಟ್ಟಿ ಕುಂದ್ರಸೀನಿ." ಆಮೇಲೆ ಹುಡುಗನ ಮುಖ ಸಣ್ಣದಾದದ್ದು ಕಂಡು, "ನಿಂಗ ಪುಣ್ಯ ಬರ್ಲಿ. ಚಹ ಇನ್ನೊಂದು ತಾ, ಇದು ಕಲಗಚ್ಚಾಗೈತಿ," ಎಂದ.

ಹುಲಿಗೆವ್ವ ಗೋಡೆಗೆ ಹೊಸದಾಗಿ ಬೊಟ್ಟಿಟ್ಟಳು. ಯಮನೂರಪ್ಪ ತಿರುಗಿದ. ಬೆಳಿಗ್ಗೆ ಗೋಡೆಯ ಮುಂದೆ, ಬಿಸಿಲೇರಿದ ಮೇಲೆ ಅಂಗಳದಲ್ಲಿ, ಮಧ್ಯಾಹ್ನ ಹೊಳೆದಂಡೆಯ ಉದ್ದಕ್ಕೂ. ಅವಳು ಬೇವಿನ ಕಡ್ಡಿ ಹಿಡಿದು ಹಿಂದೆ ಬರುವಳು. ಅವನು ತಲೆ ಆಡಿಸುವುದು ನಿಲ್ಲಿಸಿದರೆ ಕಾಲಿಗೊಂದು ಕೊಡುವಳು. "ಹೋರಿ ಹೊಡದಂಗ ಆತು ನನ್ನ ಬಾಳೇವು," ಎನ್ನುವಳು. ಓಣಿಯ ಮಂದಿ ಮತ್ತೆ ನಕ್ಕರು. ಒಂದು ದಿನ ಅವನು ಭುಜ ಹಿಡಿಸಿಕೊಳ್ಳದೆ ಮುಖಕ್ಕೆ ಸೋಪು ಹಚ್ಚಿದ. ಕಣ್ಣು ಮುಚ್ಚಿದ. ವಾಲಿದ, ಗೋಡೆ ಹಿಡಿದ, ಬೀಳಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಹುಲಿಗೆವ್ವ ಒಳಗೆ ಹೋಗಿ ಟ್ರಂಕಿನ ಧೂಳು ಕೊಡವಿದಳು.

ಕೈ ದಿನದಿನಕ್ಕೆ ಹಗುರಾಯಿತು. ಕುತ್ತಿಗೆಯಿಂದ ಕಿವಿಯ ಬುಡಕ್ಕೆ ಬಂತು. ಬೆರಳ ತುದಿಯಷ್ಟಾಯಿತು. ಆಮೇಲೆ ಯಾರೋ ಹತ್ತಿರ ನಿಂತು ಉಸಿರು ಬಿಟ್ಟಷ್ಟು. ಅವನು ನಿಲ್ಲಿಸಲಿಲ್ಲ. ಅಳುವುದಿದ್ದರೆ ಅತ್ತೂ ತಿರುಗಿದ.

ಒಂದು ಬುಧವಾರ ಕುರ್ಚಿಯಲ್ಲಿ ಕೂರಿಸಿದರು. ದೀಪ ಆರಿಸಿ ಕುರ್ಚಿ ತಿರುಗಿಸಿದಾಗ ಜೋಳ ಚಟಚಟನೆ ಸಿಡಿಯಿತು, ಆರೋಗ್ಯವಾಗಿ. ದೀಪ ಹತ್ತಿಸಿ, ತಲೆಯ ಹಿಡಿ ಬಿಚ್ಚಿ, "ಈಗ ನೀವು," ಎಂದರು ಡಾಕ್ಟರು.

ಯಮನೂರಪ್ಪ ಬಲಕ್ಕೆ ತಿರುಗಿದ.

ಸುಮ್ಮನೆ ಕೂತಾಗ ಇದ್ದಂತೆಯೇ, ಅವಸರವಿಲ್ಲದೆ, ಒಂದರ ಹಿಂದೆ ಒಂದು ಕಾಳು. ತಲೆ ತಿರುಗಿದ್ದು ಕೋಶಕ್ಕೆ ಸುದ್ದಿಯೇ ಅಲ್ಲ ಎಂಬ ಹಾಗೆ. ತಂತಿ ಸಡಿಲಾಗಿದೆಯೇನೋ ಎಂದು ಖಾದರ್ ಬಗ್ಗಿ ನೋಡಿ, ಸದ್ದು ಹೆಚ್ಚಿಸಿ, "ಇನ್ನೊಮ್ಮಿ ಕಾಕಾ," ಎಂದ. ಎಡಕ್ಕೆ ತಿರುಗಿದ. ಅದೇ.

"ಕಲಿತು! ಖಾದರ್, ಕಲಿತು ಅದು!" ಡಾಕ್ಟರು ಚಪ್ಪಾಳೆ ತಟ್ಟುತ್ತ ಒಳಗೆ ಬಂದವರು ಅವನ ಮುಖ ನೋಡಿ ಕೈ ಇಳಿಸಿದರು. "ಏನಾಯ್ತು? ನೋವಾಗ್ತದೇನು?"

"ಇಲ್ರಿ," ಎಂದ. "ಒಂದೀಟು ಹೊತ್ತು ಇಲ್ಲೇ ಕುಂದರ್ಲಿ? ಕುರ್ಚಿ ಬೇಕಾದವರು ಯಾರರ ಅದಾರೇನು?"

"ಯಾರೂ ಇಲ್ಲ. ಕೂಡ್ರಿ."

ಸದ್ದು ಆರಿಸಿ ಇಬ್ಬರೂ ಹೊರಗೆ ಹೋದರು. ಯಮನೂರಪ್ಪ ಕುರ್ಚಿಯಲ್ಲಿ ಕೂತು ಬಲಕ್ಕೆ ನೋಡ ಬಯಸಿದ, ಬಲಕ್ಕೆ ನೋಡಿದ. ಗೋಡೆ ಇತ್ತು. ಎಡಕ್ಕೆ ನೋಡ ಬಯಸಿದ, ಎಡಕ್ಕೆ ನೋಡಿದ. ಗೋಡೆ ಇತ್ತು. ನಡುವೆ ಎಲ್ಲೂ ಯಾರೂ ಬರಲಿಲ್ಲ.

ಆದಿತ್ಯವಾರ ಅಡ್ಡರಸ್ತೆಯವರೆಗೆ ಅವನೇ ಟ್ರಂಕು ಹೊತ್ತ. ಹುಲಿಗೆವ್ವ ಹಿಂದೆ ಬರುತ್ತ, ಅವನು ಕಲ್ಲು ಕಂಡಲ್ಲಿ "ಹುಷಾರೋ" ಎನ್ನುವಳು. ಅವನು ದಾಟಿ ಆಗಿರುತ್ತಿತ್ತು. ಬಸ್ಸಿಗೆ ಕಾಯುತ್ತ ಉಪ್ಪಿನಕಾಯಿ ಯಾವ ಜಾಡಿಯಲ್ಲಿದೆ, ಹಿಟ್ಟು ಎಷ್ಟು ದಿನ ಬರುತ್ತದೆ, ಹಾಲಿನವನು ನೀರು ಹಾಕಿದರೆ ಏನನ್ನಬೇಕು ಎಂದು ಹೇಳಿದಳು.

"ಗಂಡಾದ್ರ ನಿನ್ನ ಹೆಸರಿಡಂಗಿಲ್ಲ. ಮೊದಲ ಹೇಳೀನಿ. ಮೊಂಡ ಹುಟ್ತಾವು," ಎಂದಳು.

"ಹೆಣ್ಣಾದ್ರ ನಿನ್ನ ಹೆಸರೂ ಬ್ಯಾಡ. ಓಣಿ ನಿದ್ದಿ ಮಾಡಂಗಿಲ್ಲ."

ಬಸ್ಸು ಬಂತು. ಹತ್ತುವಾಗ ರೂಢಿಯ ಮೇಲೆ ಅವಳ ಕೈ ಅವನ ಭುಜಕ್ಕೆ ಬಂತು. ಬಂದು, ಹಿಡಿಯುವಂಥದ್ದು ಏನೂ ಇಲ್ಲವೆಂದು ತಿಳಿದು, ಅಂಗಿಯ ಮೇಲಿನ ಧೂಳು ಒರೆಸಿದ ಹಾಗೆ ಮಾಡಿ ಹೋಯಿತು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು ಅವಳಿಗೆ. ಬಸ್ಸು ಗುಡ್ಡದ ಮಗ್ಗುಲಿಗೆ ಹೊರಳುವವರೆಗೆ ಅವನು ನೋಡುತ್ತ ನಿಂತ. ಗುಡ್ಡ ಕುಣಿಯಲಿಲ್ಲ, ನಿಂತಲ್ಲೇ ನಿಂತಿತ್ತು. ಆಮೇಲೆ ಊರಿನ ಕಡೆ ತಿರುಗಿದ, ತಾನಾಗಿಯೇ, ಮತ್ತು ನಡೆದ.

ದುರುಗವ್ವ ಎರಡನೆಯ ಸಲ ಹೋದದ್ದು ಸ್ವಾತಿ ಮಳೆಯ ಬುಧವಾರ. ಹುಲಿಗೆವ್ವ ಹೋದದ್ದು ಅದರ ಮುಂದಿನ ಆದಿತ್ಯವಾರ, ಹನ್ನೊಂದರ ಬಸ್ಸಿಗೆ.